ಪಾಳು ಬಿದ್ದ ಗಜನಿಯೊಳಗೆ ಕಾಂಡ್ಲ ನೆಡಬೇಕಾ, ಬೇಡವಾ?

ಪ್ರಶ್ನೆ: ಗಜನಿಯಂಚು, ಕುಮಟಾ

ಎಲ್ಲರಿಗೂ ನಮಸ್ಕಾರ. ನಮ್ಮೂರು ಅಘನಾಶಿನಿ ದಂಡೆಯಲ್ಲಿದೆ, ಮಿರ್ಜಾನಿನಿಂದ ಕೆಳಗೆ. ಊರಿನ ಹೆಸರು ಸದ್ಯಕ್ಕೆ ಬೇಡ, ಇನ್ನೂ ಮಾತುಕತೆ ನಡೆಯುತ್ತಿದೆ. ನಾನು ಕುಮಟಾ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಭಾನುವಾರ ಮಾತ್ರ ಬಿಡುವು. ಆ ಭಾನುವಾರಗಳೆಲ್ಲ ಈಗ ಕೆಸರಿನಲ್ಲೇ ಕಳೆಯುತ್ತಿವೆ.

ನಮ್ಮಲ್ಲಿ 14 ಎಕರೆ ಗಜನಿ ಇದೆ, ಅಂದರೆ ಹೊಳೆಯಂಚಿನಲ್ಲಿ ಉಪ್ಪುನೀರು ನುಗ್ಗುವ, ಕಟ್ಟೆ ಕಟ್ಟಿದ ತಗ್ಗು ಗದ್ದೆ. ನಾನು ಸಣ್ಣವಳಿದ್ದಾಗ ಅಲ್ಲಿ ಕಗ್ಗ, ಅಂದರೆ ಉಪ್ಪು ತಡೆಯುವ ಭತ್ತ, ಬೆಳೆಯುತ್ತಿದ್ದರು. ಅಜ್ಜಿ ಮಾಡುತ್ತಿದ್ದ ಕಗ್ಗದ ಗಂಜಿಯ ಕೆಂಪು ಬಣ್ಣ ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಕೆಲವು ವರ್ಷ ಸಿಗಡಿ ಸಾಕುವವರಿಗೆ ಗುತ್ತಿಗೆ ಕೊಟ್ಟರು. ಅವರು ಬಿಟ್ಟು ಹೋದ ಮೇಲೆ ಒಂದು ಮಳೆಗಾಲದಲ್ಲಿ ಕಟ್ಟೆಗೆ ಕಂಡಿ ಬಿತ್ತು. ಯಾರೂ ಕಟ್ಟಲಿಲ್ಲ. ಹಾಗೇ 9 ವರ್ಷ ಆಯಿತು.

ಕಳೆದ ದೀಪಾವಳಿ ಆದಮೇಲೆ ನಾವು 22 ಜನ ಸೇರಿ ಕೆಲಸ ಶುರು ಮಾಡಿದೆವು. ಮೊದಲು ಬರೀ ಕಸ ಎತ್ತಿದೆವು. ನೀರಿನ ಬಾಟಲಿ, ಚಪ್ಪಲಿ, ಥರ್ಮೋಕೋಲು, ಎಲ್ಲಕ್ಕಿಂತ ಜಾಸ್ತಿ ಹರಿದ ನೈಲಾನ್ ಬಲೆ. ಒಂದು ಬಲೆಯ ತುಂಡು ಜೇಕಿನ ಬುಡಕ್ಕೆ ಸುತ್ತಿಕೊಂಡಿತ್ತು. ಎಳೆದರೆ ಬರಲಿಲ್ಲ. ಕೂತು ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿದೆ. ಒಳಗೆ ಒಂದು ಬೆಳ್ಳಕ್ಕಿಯ ಕಾಲು ಇತ್ತು. ಹಕ್ಕಿ ಇರಲಿಲ್ಲ, ಒಣಗಿದ ಕಾಲು ಮಾತ್ರ. ಅವತ್ತಿನಿಂದ ಬಟ್ಟೆ ಕತ್ತರಿಸುವ ಕತ್ತರಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕೆಲಸ ನೋಡಿ ಒಬ್ಬ ಹಿತೈಷಿಗಳು 3000 ಕಾಂಡ್ಲ (ಮ್ಯಾಂಗ್ರೋವ್) ಗಿಡ ಕೊಡುತ್ತೇನೆ ಅಂದಿದ್ದಾರೆ. ಜೂನ್ 5ಕ್ಕೆ, ಪರಿಸರ ದಿನದಂದು, ಇಡೀ ಗಜನಿಯಲ್ಲಿ ಸಾಲು ಹಿಡಿದು ನೆಡೋಣ ಅಂತ. ಹುಡುಗರಿಗೆಲ್ಲ ಖುಷಿ. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ.

ಕಾರಣ ಇಷ್ಟೇ. ಜನವರಿಯಲ್ಲಿ ಒಂದು ಬೆಳಗ್ಗೆ ನೀರು ಇಳಿದಾಗ ಬಯಲು ಕೆಸರಿನ ಮೇಲೆ ಗೊರವದಂಥ ಹಕ್ಕಿಗಳ ಗುಂಪು ನೋಡಿದೆ. ಬೆನ್ನ ಮೇಲೆಲ್ಲ ಹಳದಿ ಚುಕ್ಕಿ. ಎಣಿಸಿದೆ, 63. ಓಡುವುದು, ನಿಲ್ಲುವುದು, ಬಗ್ಗಿ ಹೆಕ್ಕುವುದು, ಮತ್ತೆ ಓಡುವುದು. ಅಲ್ಲೆಲ್ಲ ಗಿಡ ಬೆಳೆದರೆ ಅವು ಎಲ್ಲಿ ಇಳಿಯಬೇಕು? ನಾನು ಯೋಚಿಸುವುದು ತಪ್ಪಾ? ಗಿಡ ನೆಡಬೇಡಿ ಅಂದರೆ ಜನ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ.

ಇನ್ನೂ ಎರಡು ಪ್ರಶ್ನೆ ಇವೆ. ಎರಡು ಮನೆಯವರು 3 ಎಕರೆಯಲ್ಲಿ ಮತ್ತೆ ಕಗ್ಗ ಬಿತ್ತುತ್ತೇವೆ ಅನ್ನುತ್ತಿದ್ದಾರೆ, ಕಂಡಿ ಕಟ್ಟಿ ಗೇಟು ಇಟ್ಟರೆ ಸಾಧ್ಯವಾ? ಗೋಕರ್ಣಕ್ಕೆ ಬರುವವರನ್ನು ಇಲ್ಲಿಗೂ ಕರೆತರುತ್ತೇವೆ ಅಂತ ಹೋಂಸ್ಟೇಯವರು ಕೇಳುತ್ತಿದ್ದಾರೆ. ದಾರಿ ಎಲ್ಲಿ ಮಾಡಬೇಕು?

ಉತ್ತರ: ಹಲಗೆ ಎತ್ತುವವನು

ತಂಗಿ, ನಿಮ್ಮ ಯೋಚನೆ ಸರಿಯಾಗಿಯೇ ಇದೆ. ಒಳಗೆ ನೆಡಬೇಡಿ. ನನಗೆ ಈಗ 68. ಅಪ್ಪನ ಕಾಲದಿಂದ ನಮ್ಮ ಮನೆಗೆ ಗಜನಿ ಗೇಟು ನೋಡಿಕೊಳ್ಳುವ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಾಂಡ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕಾಂಡ್ಲ ಇಲ್ಲದೆ ಕಟ್ಟೆ ಉಳಿಯುವುದಿಲ್ಲ. ಆದರೆ ಅದರ ಜಾಗ ಕಟ್ಟೆಯ ಹೊರಗೆ, ಹೊಳೆಯ ಕಡೆ. ಅಲೆ ಬಂದು ಬಡಿಯುವುದು ಅಲ್ಲಿ. ಅಲ್ಲಿ ಎರಡು ಸಾಲು ಬೇರು ಬಿಟ್ಟರೆ ಕಟ್ಟೆಯ ಮಣ್ಣು ಹಿಡಿದು ನಿಲ್ಲುತ್ತದೆ. ಒಳಗೆ ಬಯಲು ಇರಬೇಕು. ಬೆಳೆ ಇದ್ದಾಗ ಬಯಲನ್ನು ಬೆಳೆಯೇ ಕಾಯುತ್ತಿತ್ತು. ಪ್ರತಿ ವರ್ಷ ಯಾರೋ ಇಳಿಯುತ್ತಿದ್ದರು, ಬಿತ್ತುತ್ತಿದ್ದರು, ಕೊಯ್ಯುತ್ತಿದ್ದರು. ಪಾಳು ಬಿಟ್ಟರೆ ಹೊಳೆಯಲ್ಲಿ ತೇಲಿ ಬಂದ ಕಾಂಡ್ಲದ ಕೋಡು (ಮೊಳೆತ ಬೀಜ) ತಾನೇ ಊರಿಕೊಂಡು ಗಿಡ ಆಗುತ್ತದೆ. 9 ವರ್ಷದಲ್ಲಿ ನಿಮ್ಮಲ್ಲೂ ಮೂಲೆಯಲ್ಲಿ ಬಂದೇ ಇರುತ್ತದೆ, ನೋಡಿ. ಬಂದಿದ್ದು ಇರಲಿ. ಅದರ ಮೇಲೆ ಇನ್ನೂ 3000 ಯಾಕೆ?

ನಿಮಗೆ ಬೇಕಾಗಿರುವುದು ಗೇಟು. ಗಜನಿಯ ಜೀವ ಇರುವುದು ಆ ಹಲಗೆಯಲ್ಲಿ. ಕಲ್ಲಿನ ಎರಡು ಕಂಬ, ಕಂಬದಲ್ಲಿ ಗಾಡಿ (ಹಲಗೆ ಕೂರಲು ಕೊರೆದ ಸೀಳು), ಆ ಗಾಡಿಯಲ್ಲಿ ಮೇಲಿಂದ ಒಂದರ ಮೇಲೊಂದು ಇಳಿಸುವ ಹಲಗೆ. ಎಷ್ಟು ಹಲಗೆ ಇಳಿಸುತ್ತೀರೋ ಅಷ್ಟು ಎತ್ತರ ನೀರು ಒಳಗೆ ನಿಲ್ಲುತ್ತದೆ. ಹಕ್ಕಿಗೂ ಅದೇ ಲೆಕ್ಕ. ಸಣ್ಣ ಗೊರವಕ್ಕೆ ಬೆರಳು ಮುಳುಗುವಷ್ಟು ನೀರು ಸಾಕು, ಬೆಳ್ಳಕ್ಕಿಗೆ ಗೇಣು ನೀರಾದರೂ ನಡೆಯುತ್ತದೆ. ಒಂದೇ ಹಲಗೆ ಹೆಚ್ಚು ಕಡಿಮೆ ಆದರೆ ಬರುವ ಹಕ್ಕಿಯೇ ಬದಲಾಗುತ್ತದೆ.

ಜೂನ್‌ನಲ್ಲಿ ಜೋರು ಮಳೆ ಹಿಡಿದ ಕೂಡಲೇ ನಮ್ಮ ಕೆಲಸ ಶುರು. ಹೊಳೆ ಇಳಿತದಲ್ಲಿದ್ದಾಗ ಹಲಗೆ ಎತ್ತುವುದು. ಒಳಗಿನ ಮಳೆನೀರು ಉಪ್ಪನ್ನು ತೊಳೆದುಕೊಂಡು ಹೊರಗೆ ಹೋಗುತ್ತದೆ. ಭರತ ಬರುವ ಮೊದಲು ಹಲಗೆ ಇಳಿಸುವುದು. ಇವತ್ತು 10 ಗಂಟೆಗೆ ಬಂದ ಭರತ ನಾಳೆ 10 ಮುಕ್ಕಾಲು ದಾಟಿ ಬರುತ್ತದೆ. ಹಾಗಾಗಿ ಗೇಟು ನೋಡುವವನು ನಿದ್ದೆಯ ಹೊತ್ತನ್ನು ದಿನಾ ಬದಲಾಯಿಸಿಕೊಳ್ಳಬೇಕು. ಅಪ್ಪ ನಡುರಾತ್ರಿ ಕಂದೀಲು ಹಿಡಿದು ಹೋಗುತ್ತಿದ್ದರು, ನಾನು ಹಿಂದೆ ಕಂಬಳಿ ಕೊಪ್ಪೆ ಹೊದ್ದು ಹೋಗುತ್ತಿದ್ದೆ. ಅಪ್ಪ ಬೊಗಸೆಯಲ್ಲಿ ನೀರು ಎತ್ತಿ ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದರು. ನನಗೂ ಕೊಡುತ್ತಿದ್ದರು. ಮೊದಲ ದಿನ ಬಾಯಿ ಕಹಿ ಆಗುವಷ್ಟು ಉಪ್ಪು. ನಾಲ್ಕೈದು ದಿನಕ್ಕೆ ಪಲ್ಯಕ್ಕೆ ಉಪ್ಪು ಜಾಸ್ತಿ ಬಿದ್ದ ಹಾಗೆ. ಎರಡು ವಾರ ದಾಟಿದ ಮೇಲೆ ಒಂದು ದಿನ ನಾಲಿಗೆಯ ತುದಿಯಲ್ಲಿ ಮಾತ್ರ ಸ್ವಲ್ಪ ಗೊತ್ತಾಗುತ್ತಿತ್ತು. "ಹ್ಞಾಂ, ನಾಳೆ ಬಿತ್ತೋಣ" ಅನ್ನುತ್ತಿದ್ದರು. ಕಗ್ಗಕ್ಕೆ ಅಷ್ಟು ಉಪ್ಪು ಲೆಕ್ಕಕ್ಕಿಲ್ಲ. ಬೇರೆ ಭತ್ತ ಅಲ್ಲಿ ನಿಲ್ಲುವುದೂ ಇಲ್ಲ. ಕಗ್ಗ ಎತ್ತರ ಬೆಳೆಯುತ್ತದೆ, ನೆರೆ ಬಂದು ಕೆಲವು ದಿನ ನೀರು ನಿಂತರೂ ತಡೆಯುತ್ತದೆ. ಗೊಬ್ಬರ ಕೇಳುವುದಿಲ್ಲ.

ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ಯಿರಿ, ದಂಟು ಬಿಡಿ. ಆಮೇಲೆ ಗೇಟು ತೆರೆದು ಉಪ್ಪುನೀರು ಬಿಟ್ಟಾಗ ಆ ದಂಟು ಕೊಳೆಯುತ್ತದೆ. ಶೆಟ್ಲಿ (ಸಿಗಡಿ) ಮರಿ, ಮಡ್ಲೆ ಮೀನಿನ ಮರಿ ಅದನ್ನು ಹುಡುಕಿಕೊಂಡು ಬರುತ್ತವೆ. ಅವನ್ನು ಹುಡುಕಿಕೊಂಡು ಹಕ್ಕಿ. ನೀವು ಜನವರಿಯಲ್ಲಿ ನೋಡಿದ 63 ಹಕ್ಕಿಗೂ ಅಂಥ ಕೆಸರೇ ಊಟದ ಎಲೆ. ಕಗ್ಗ ಬೇರೆ, ಹಕ್ಕಿ ಬೇರೆ ಅಂತ ಲೆಕ್ಕ ಹಾಕಬೇಡಿ. ಆ ಎರಡು ಮನೆಯವರನ್ನು ಬಿಡಬೇಡಿ ತಂಗಿ. ಗೇಟಿಗೆ ಹೊತ್ತು ಹೊತ್ತಿಗೆ ಹೋಗುವವರು ಅವರೇ. ಭಾನುವಾರಕ್ಕೆ ಬರುವವರಿಂದ ಭರತ ಕಾಯಲು ಆಗುವುದಿಲ್ಲ.

ಕಂಡಿ ಕಟ್ಟುವುದಕ್ಕೆ ಏಪ್ರಿಲ್ ಒಳ್ಳೆಯದು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಹೋಗಬೇಡಿ, ನೀರಿನ ಸೆಳೆತ ಜೋರು. ಅಷ್ಟಮಿ, ನವಮಿ ನೋಡಿಕೊಳ್ಳಿ. ಆಗ ಏರಿಳಿತ ಸಣ್ಣದು. ಬರೀ ಚಿರೆಕಲ್ಲು ಜೋಡಿಸಿದರೆ ಸಂದಿಯಲ್ಲಿ ನೀರು ನುಗ್ಗುತ್ತದೆ, ಗಜನಿಯ ಜೇಡಿಮಣ್ಣನ್ನೇ ತುಳಿದು ತುಳಿದು ತುಂಬಬೇಕು. ಏಡಿ ತೂತನ್ನು ಪ್ರತಿ ವಾರ ನೋಡಿ. ದೊಡ್ಡ ಕಟ್ಟೆಗೆ ಕಂಡಿ ಬೀಳುವುದು ಹೆಬ್ಬೆರಳು ಗಾತ್ರದ ತೂತಿನಿಂದ.

ಉತ್ತರ: ಹಳೇ ಪಂಚಾಯ್ತಿ ಸದಸ್ಯೆ, ಹೊನ್ನಾವರ

ಹಿರಿಯರು ಹೇಳಿದ್ದು ಸರಿ. ನಾನು ಕಾಗದದ ವಿಷಯ ಮಾತ್ರ ಹೇಳುತ್ತೇನೆ.

ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ, 4801 ಹೆಕ್ಟೇರ್. ನಿಮ್ಮ ಗಜನಿ ಆ ಗಡಿಯ ಒಳಗಿದೆಯಾ ಅಂತ ಮೊದಲು ನಕ್ಷೆಯಲ್ಲಿ ನೋಡಿಸಿ. ಒಳಗಿರಲಿ, ಹೊರಗಿರಲಿ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದ್ದೇ ಇದೆ. ಕಾಂಡ್ಲ, ಉಪ್ಪುನೀರಿನ ಜೌಗು, ಕೆಸರು ಬಯಲು ಮೂರೂ ಅದರಲ್ಲಿ ಅತಿ ಬಿಗಿಯಾದ ವರ್ಗಕ್ಕೆ ಬರುತ್ತವೆ. ಹಾಗಾಗಿ ಮೂಲೆಯಲ್ಲಿ ತಾನಾಗಿ ಬಂದ ಕಾಂಡ್ಲವನ್ನು ನೀವಾಗಿ ಕೀಳಬೇಡಿ. ಕಟ್ಟೆ, ಗೇಟಿನ ಕೆಲಸಕ್ಕೂ ಮೊದಲೇ ಬರೆದು ಕೇಳಿ, ಉತ್ತರ ಇಟ್ಟುಕೊಳ್ಳಿ. ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, 2002ರ ಕಾಯ್ದೆಯ ಪ್ರಕಾರ. ಎಷ್ಟೋ ಕಡೆ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಅದನ್ನು ಎಬ್ಬಿಸಿ, ನಿಮ್ಮ 22 ಜನರಲ್ಲಿ ಒಬ್ಬರಾದರೂ ಅದರ ಸಭೆಗೆ ಹೋಗಲಿ.

ಇನ್ನೊಂದು ಎಚ್ಚರಿಕೆ. ಕಟ್ಟೆ ಗಟ್ಟಿ ಆದ ಕೂಡಲೇ ಸಿಗಡಿ ಗುತ್ತಿಗೆ ಕೇಳುವವರು ಬರುತ್ತಾರೆ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಸಿಗಡಿ ಕೆರೆಗಳ ಮೇಲೆ ತೀರ್ಪು ಕೊಟ್ಟಾಗ ನಮ್ಮ ಹಳೆಯ ಪದ್ಧತಿಯ ಗಜನಿಯಂಥದಕ್ಕೆ ವಿನಾಯ್ತಿ ಇತ್ತು. ಆ ಹೆಸರು ಹೇಳಿಕೊಂಡು ಬೇರೆಯದೇ ಮಾಡುವವರನ್ನು ನಾನು ನೋಡಿದ್ದೇನೆ. ಕೆಲಸ ಶುರು ಆಗುವ ಮೊದಲೇ ಜಮೀನಿನವರೆಲ್ಲ ಕೂತು ಗುತ್ತಿಗೆ ಇಲ್ಲ ಅಂತ ಬರೆದು ಸಹಿ ಹಾಕಿಬಿಡಿ.

ಉತ್ತರ: ಕೆರೆಯ ಪಕ್ಕದವ, ಶಿರಸಿ

ಅಕ್ಕ, ನಮ್ಮದು ಘಟ್ಟದ ಮೇಲಿನ ಸಿಹಿನೀರು. ಆದರೂ ಒಂದು ಮಾತು ಹೇಳಲೇಬೇಕು.

ನಮ್ಮೂರಿನ ಕೆರೆಯನ್ನು ನಾವೇ ಹಾಳು ಮಾಡಿದೆವು. ಒಳ್ಳೆಯ ಮನಸ್ಸಿನಿಂದಲೇ. ಹೂಳು ತೆಗೆಯಬೇಕು ಅಂತ ಜೆಸಿಬಿ ತರಿಸಿದೆವು. ಅಂಚಿನ ಜೇಕು, ಹುಲ್ಲು ಎಲ್ಲ ಎತ್ತಿ ಹಾಕಿದ. ದಂಡೆಯನ್ನು ಗೋಡೆಯ ಹಾಗೆ ನೇರ ಮಾಡಿದ. ಸುತ್ತ ಓಡಾಡಲು ದಾರಿ, ಕೂರಲು ಸಿಮೆಂಟಿನ ಬೆಂಚು. ನೀರು ತುಂಬಿತು, ನೋಡಲು ಚಂದ ಕಂಡಿತು. ಹುಂಡುಕೋಳಿ ಮಾತ್ರ ಹೋಯಿತು. ಅದು ಮರಿ ಕರೆದುಕೊಂಡು ನೀರಿಗೆ ಇಳಿಯುತ್ತಿದ್ದ ಇಳಿಜಾರು ಈಗ ಎದೆಮಟ್ಟದ ಗೋಡೆ. ಅಲ್ಲಿ ಗೊರವ ನಿಲ್ಲಲು ಒಂದು ಬೆರಳಿನಷ್ಟು ಆಳದ ನೀರೂ ಇಲ್ಲ. ನನಗೆ ಈಗಲೂ ಆ ಬೆಂಚಿನ ಮೇಲೆ ಕೂರಲು ಮನಸ್ಸಾಗುವುದಿಲ್ಲ.

ಸೋಂದಾದ ಮುಂಡಿಗೆಕೆರೆಗೆ ಒಮ್ಮೆ ಹೋಗಿ ಬನ್ನಿ, ಮಳೆಗಾಲದಲ್ಲಿ. ಕೆರೆಯೊಳಗೆ ಮುಂಡಿಗೆ ಗಿಡ ತುಂಬಿದೆ. ಅದು ಮುಳ್ಳಿನ ಪೊದೆ, ಚಂದ ಅನ್ನುವ ಹಾಗೇನೂ ಇಲ್ಲ. ಆದರೆ ಬೆಳ್ಳಕ್ಕಿಗಳು ಗೂಡು ಕಟ್ಟುವುದು ಅದರ ಮೇಲೆಯೇ. ಸುತ್ತ ನೀರು, ಕೆಳಗೆ ಮುಳ್ಳು, ಹಾವು ಹತ್ತುವುದು ಕಷ್ಟ. ಸ್ವಚ್ಛ ಮಾಡುತ್ತೇವೆ ಅಂತ ಯಾರಾದರೂ ಆ ಪೊದೆ ತೆಗೆದಿದ್ದರೆ ಅಲ್ಲಿ ಈಗ ಏನು ಉಳಿಯುತ್ತಿತ್ತು, ಹೇಳಿ. ಅಲ್ಲಿನ ಊರಿನವರು ಕಾದಿದ್ದಾರೆ. ಹೋಗಿ ಅವರ ಹತ್ತಿರ ಮಾತಾಡಿ.

ನೀವು ಹೇಳಿದ ಹಳದಿ ಚುಕ್ಕಿಯ ಹಕ್ಕಿ ಚಿನ್ನದ ಗೊರವ ಇರಬೇಕು. ಸೈಬೀರಿಯಾ ಕಡೆ ಮರವಿಲ್ಲದ ಬಯಲಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತದೆ. ಅದಕ್ಕೆ ಸುತ್ತಲೂ ದೂರದವರೆಗೆ ಕಾಣಬೇಕು, ಗಿಡುಗ ಬರುವುದು ಗೊತ್ತಾಗಬೇಕು. ಎತ್ತರದ ಗಿಡದ ಪಕ್ಕದಲ್ಲಿ ಅದು ನಿಲ್ಲುವುದಿಲ್ಲ. ಹಿತೈಷಿಗಳಿಗೆ ಇದನ್ನೇ ಹೇಳಿ, ಆ ಹಕ್ಕಿಯನ್ನು ತೋರಿಸಿ. ಮಾರ್ಚ್ ಕೊನೆಯವರೆಗೆ ಕೆಲವು ಸಿಗಬಹುದು.

ದಾರಿ ಬಗ್ಗೆ: ಗಜನಿಯ ಸುತ್ತ ದಾರಿ ಮಾಡಬೇಡಿ. ಒಂದೇ ಬದಿಗೆ, ಪೂರ್ವದ ಕಟ್ಟೆಯ ಮೇಲೆ. ಬೆಳಗ್ಗೆ ಬಂದವರಿಗೆ ಬಿಸಿಲು ಬೆನ್ನಿಗೆ ಬೀಳುತ್ತದೆ, ಹಕ್ಕಿಯ ಬಣ್ಣ ಚೆನ್ನಾಗಿ ಕಾಣುತ್ತದೆ. ಕೊನೆಯಲ್ಲಿ ತೆಂಗಿನ ಮಡ್ಲಿನ ತಟ್ಟಿ ಕಟ್ಟಿ, ಕಣ್ಣಿನ ಎತ್ತರಕ್ಕೆ ಉದ್ದಕ್ಕೆ ಒಂದು ಸೀಳು ಬಿಡಿ. ಮಕ್ಕಳಿಗೆ ಕೆಳಗೆ ಇನ್ನೊಂದು ಸೀಳು. ಮರದ ಸೇತುವೆ ಮೇಲೆ ಓಡಾಡಬೇಕು ಅನ್ನುವವರಿಗೆ ಹೊನ್ನಾವರದ ಶರಾವತಿ ಕಾಂಡ್ಲ ವನ ಇದೆ. ಎಲ್ಲ ಕಡೆ ಅದೇ ಬೇಕಾಗಿಲ್ಲ. ಕಯಾಕು ಒಳಗೆ ಬಿಡಲೇಬೇಡಿ.

ಜೇಕು ದಟ್ಟ ಆಗಿದ್ದರೆ ವರ್ಷಕ್ಕೆ ಮೂರನೇ ಒಂದು ಪಾಲು ಮಾತ್ರ ಕೊಯ್ಯಿರಿ, ಮಳೆಗಾಲದ ಮರಿಗಳೆಲ್ಲ ದೊಡ್ಡವಾದ ಮೇಲೆ. ಎಮ್ಮೆ ಇದ್ದವರಿಗೆ ಮೇಯಿಸಲು ಹೇಳಿದರೂ ಆದೀತು.

ಉತ್ತರ: ಬಳಚಿನ ಮನೆ

ಎಲ್ಲರೂ ಗೇಟು, ಕಟ್ಟೆ ಅಂತ ಹೇಳಿದ್ದೀರಿ. ನನ್ನ ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ಹೇಳಿದ್ದನ್ನು ಬರೆಯುತ್ತಿದ್ದೇನೆ.

ನಾವು ಬೇರೆ ಊರು, ಆದರೆ ಇಂಥದೇ ಗಜನಿ. ನಮಗೆ ಅಲ್ಲಿ ಒಂದು ಗುಂಟೆ ಜಮೀನೂ ಇಲ್ಲ. ಕಟ್ಟೆ ಒಡೆದ ಮೇಲೆ ಕಂಡಿಯ ಬಾಯಲ್ಲಿ ಬಳಚು, ಅಂದರೆ ತಿನ್ನುವ ಚಿಪ್ಪು, ಸಿಗಲು ಶುರು ಆಯಿತು. ಒಳಗೆ ಏಡಿ, ಸಣ್ಣ ಮೀನು. ಅಮ್ಮ ಮತ್ತು ಇನ್ನೂ ಏಳೆಂಟು ಹೆಂಗಸರು ಇಳಿತ ನೋಡಿ ಹೋಗುತ್ತಾರೆ. ಸೊಂಟದವರೆಗೆ ನೀರಲ್ಲಿ ನಿಂತು ಕಾಲಲ್ಲೇ ತಡಕಿ ತೆಗೆಯುವುದು. ನನ್ನ ಡಿಗ್ರಿ ಫೀಸು ಅದರಿಂದ ಬಂದಿದ್ದು. ಮೂರು ವರ್ಷದ ಹಿಂದೆ ಜಮೀನಿನವರು ಕಂಡಿ ಕಟ್ಟಿದರು. ನಮ್ಮನ್ನು ಯಾರೂ ಕೇಳಲಿಲ್ಲ. ಒಂದು ಬೆಳಗ್ಗೆ ಅಮ್ಮ ಬುಟ್ಟಿ ಹಿಡಿದು ಹೋದರೆ ಅಲ್ಲಿ ಮಣ್ಣು ತುಂಬಿತ್ತು.

ಅಕ್ಕ, ನಿಮ್ಮ 22 ಜನರಲ್ಲಿ ಬಳಚು ತೆಗೆಯುವವರು ಎಷ್ಟು ಜನ ಇದ್ದಾರೆ? ಅದನ್ನು ಅಮ್ಮ ಕೇಳುತ್ತಿದ್ದಾರೆ.

ಉತ್ತರ: ಹಲಗೆ ಎತ್ತುವವನು

ಈ ಮಾತು ನಾನೇ ಹೇಳಬೇಕಿತ್ತು. ಅಪ್ಪನ ಕಾಲದಲ್ಲಿ ಕೊಯ್ಲು ಮುಗಿದ ಮೇಲೆ ಕೆಲವು ದಿನ ಗಜನಿ ಎಲ್ಲರಿಗೂ ತೆರೆದಿರುತ್ತಿತ್ತು. ಜಮೀನು ಇಲ್ಲದವರೂ ಇಳಿದು ಮೀನು ಹಿಡಿಯುತ್ತಿದ್ದರು. ಗೇಟನ್ನು ನವೆಂಬರಿನಿಂದ ಮೇವರೆಗೆ ತೆರೆದೇ ಇಡಬಹುದು. ಕಗ್ಗಕ್ಕೆ ಬೇಕಾಗಿರುವುದು ಮಳೆಗಾಲದ ನಾಲ್ಕೈದು ತಿಂಗಳು ಮಾತ್ರ. ಆ ತಾಯಿಗೆ ನನ್ನ ನಮಸ್ಕಾರ ಹೇಳಿ, ಮಗಳೇ.

ಗಜನಿಯಂಚು, ಕುಮಟಾ (ಮೂರು ವಾರದ ನಂತರ)

ಎಲ್ಲರಿಗೂ ಉತ್ತರ ಕೊಡುವುದು ತಡ ಆಯಿತು. ಮದುವೆ ಸೀಸನ್, ಅಂಗಡಿಯಲ್ಲಿ ಬ್ಲೌಸು ರಾಶಿ.

ಬಳಚಿನ ಮನೆಯ ತಂಗಿ, ನಿನ್ನ ಅಮ್ಮನ ಪ್ರಶ್ನೆಗೆ ಉತ್ತರ: ಒಬ್ಬರೂ ಇರಲಿಲ್ಲ. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಇಳಿತದ ಹೊತ್ತಿಗೆ ಕಂಡಿಯ ಹತ್ತಿರ ಹೋಗಿ ಕೂತೆ. ಐದು ಜನ ಬಂದರು. ಅವರಲ್ಲಿ ಇಬ್ಬರು ನನ್ನ ಹತ್ತಿರವೇ ಬಟ್ಟೆ ಹೊಲಿಸುವವರು. ಇಷ್ಟು ದಿನ ಅವರು ಅಲ್ಲೇ ಇದ್ದರು, ನಾವು ಭಾನುವಾರ ಹೋಗುವ ಹೊತ್ತಿಗೆ ಮಾತ್ರ ನೀರು ಏರಿರುತ್ತಿತ್ತು, ಅವರು ಮನೆಗೆ ಹೋಗಿರುತ್ತಿದ್ದರು. ಅವರ ಜೊತೆ ನೀರಿಗೆ ಇಳಿದೆ. ಎಲ್ಲಿ ತಳ ಗಟ್ಟಿ, ಎಲ್ಲಿ ಕಾಲು ಹೂತು ಹೋಗುತ್ತದೆ, ಯಾವ ಕಡೆಯಿಂದ ನೀರು ಕೊರೆಯುತ್ತಿದೆ, ಎಲ್ಲ ಅವರಿಗೆ ಗೊತ್ತು. ಕಂಡಿಯ ಉತ್ತರದ ಅಂಚಲ್ಲಿ ಬಂಡೆ ಇದೆ, ಗೇಟಿನ ಕಂಬಕ್ಕೆ ಆ ಜಾಗ ಸರಿ ಅಂತ ತೋರಿಸಿದವರೂ ಅವರೇ.

ಆಮೇಲೆ ಸಭೆ ಮಾಡಿದೆವು. ಎರಡು ಸಲ ಜಗಳವೂ ಆಯಿತು. ಕೊನೆಗೆ ಒಪ್ಪಿದ್ದು ಹೀಗೆ. ಗೇಟು ಇಡುವುದು, ಮಳೆಗಾಲ ಬಿಟ್ಟು ಉಳಿದ ಕಾಲ ತೆರೆದಿರುವುದು. ಕಂಡಿಯ ಹೊರಗಿನ ಬಾಯಿಗೆ ಮಣ್ಣು ಹಾಕುವುದಿಲ್ಲ. ಹಲಗೆ ಯಾವಾಗ ಎತ್ತಬೇಕು ಅನ್ನುವುದನ್ನು ಕಗ್ಗದ ಎರಡು ಮನೆಯವರೂ ಬಳಚು ತೆಗೆಯುವ ಇಬ್ಬರೂ ಸೇರಿ ನಿರ್ಧರಿಸುವುದು. ಗುತ್ತಿಗೆ ಇಲ್ಲ ಅಂತ ಎಲ್ಲರ ಸಹಿ ಆಗಿದೆ, ಒಬ್ಬರದು ಬಾಕಿ, ಅವರು ಮುಂಬೈಯಲ್ಲಿದ್ದಾರೆ. ಅನುಮತಿಗೆ ಅರ್ಜಿ ಹಾಕಿದ್ದೇವೆ. ಅದು ಬಂದ ಮೇಲೆ, ಅಷ್ಟಮಿ ನೋಡಿಕೊಂಡು, ಕೆಲಸ.

ಹಿತೈಷಿಗಳಿಗೆ ಹಕ್ಕಿ ತೋರಿಸಲು ಕರೆದುಕೊಂಡು ಹೋದೆ. 11 ಇದ್ದವು. ಕೆಲವಕ್ಕೆ ಎದೆಯ ಮೇಲೆ ಕಪ್ಪು ಬರಲು ಶುರು ಆಗಿತ್ತು, ಹೊರಡುವ ಹೊತ್ತು ಅಲ್ವಾ. ಅವರು ತುಂಬಾ ಹೊತ್ತು ನೋಡಿದರು. 3000ದ ಬದಲು 300 ಗಿಡ ಸಾಕು, ಹೊರಗಿನ ದಂಡೆಗೆ ಅಂತ ಒಪ್ಪಿದರು. ಇಬ್ಬರು ಹುಡುಗರು ಮಾತ್ರ ಬೇಸರ ಮಾಡಿಕೊಂಡು ಬರುವುದು ಬಿಟ್ಟಿದ್ದಾರೆ. ಮನೆಗೇ ಹೋಗಿ ಮಾತಾಡಬೇಕು.

ಅಣ್ಣ, ಒಂದು ಕೇಳುವುದಿದೆ. ಹಲಗೆಗೆ ಯಾವ ಮರ ತರುವುದು? ಬಡಿಗರು ಹೇಳಿದ ರೇಟು ನಮಗೆ ಆಗುವ ಹಾಗಿಲ್ಲ.

ಉತ್ತರ: ಹಲಗೆ ಎತ್ತುವವನು

ಹೊಸ ಮರ ಬೇಡ ತಂಗಿ. ತದಡಿಯಲ್ಲಿ ಹಳೇ ದೋಣಿ ಒಡೆಯುವವರನ್ನು ಕೇಳಿ. ಉಪ್ಪುನೀರು ಕುಡಿದು ಕುಡಿದು ಗಟ್ಟಿಯಾದ ಹಲಗೆ ಸಿಗುತ್ತದೆ. ಮೊಳೆಯ ತೂತು ಇದ್ದರೆ ಬೆಣೆ ಹೊಡೆದು ಮುಚ್ಚಿದರಾಯಿತು. ಗಾಡಿಯ ಅಗಲ ಅಳೆದುಕೊಂಡು ಹೋಗಿ, ಹಲಗೆ ಎರಡು ಬದಿಯಲ್ಲೂ ಒಂದು ಬೆರಳು ಸಡಿಲ ಇರಲಿ. ನೆನೆದ ಮೇಲೆ ಉಬ್ಬುತ್ತದೆ. ಅಷ್ಟಮಿ ಯಾವತ್ತು ಅಂತ ತಿಳಿಸಿ, ನಾನೂ ಬರುತ್ತೇನೆ.